‘ಫ್ರೀ ಅಲ್ವೇನ್ರೀ?’ ಎಂದ ಎಂಡಿ ಸಾಹೇಬರಿಗೆ ಬಹಿರಂಗ ಪತ್ರ

ಮಾನ್ಯ ಎಂಡಿ ಸಾಹೇಬರಿಗೆ ಸರ್ವರ್ ರೂಮಿನಿಂದ ಸಾಷ್ಟಾಂಗ ನಮಸ್ಕಾರಗಳು.

ಪೀಣ್ಯದಲ್ಲಿರಿ, ಬೈಕಂಪಾಡಿಯಲ್ಲಿರಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಿ, ಈ ಪತ್ರ ನಿಮಗೇ. ಒಂದೇ ಸರ್ವರಿನೊಳಗೆ ಹಲವು ‘ವಿಎಂ’ ಯಂತ್ರಗಳನ್ನು ಓಡಿಸುವ ವಿಎಂವೇರ್ ಸಾಫ್ಟ್‌ವೇರಿನ ರಿನೀವಲ್ ಕೊಟೇಶನ್ ಬಂದ ದಿನ ಖುದ್ದಾಗಿ ಸರ್ವರ್ ರೂಮಿನ ಬಾಗಿಲಿಗೆ ಬಂದು ‘ಇದರೊಳಗೆ ಏನ್ರೀ ಓಡ್ತಿದೆ?’ ಎಂದು ಕೇಳಿದಿರಲ್ಲ, ಮೊದಲು ಅದಕ್ಕೆ ಕೃತಜ್ಞತೆ. ಅಲ್ಲಿಯವರೆಗೆ ಆ ಕೋಣೆ ನಿಮ್ಮ ಪಾಲಿಗೆ ಹಗಲಿರುಳು ಎಸಿ ಓಡಿಸುವ ದಂಡದ ಬಾಬ್ತು.

ಈ ಜ್ಞಾನೋದಯದ ಪುಣ್ಯವೆಲ್ಲ ಬ್ರಾಡ್‌ಕಾಮ್‌ನದು. 2023ರ ನವೆಂಬರ್‌ನಲ್ಲಿ ಅದು ವಿಎಂವೇರನ್ನು ಕೊಂಡಿತು. ಡಿಸೆಂಬರ್‌ನಲ್ಲೇ ಒಮ್ಮೆ ಕೊಂಡರೆ ಕೊನೆಯವರೆಗೆ ಬರುವ ಲೈಸೆನ್ಸ್ ಮಾರಾಟ ನಿಲ್ಲಿಸಿ, ಇನ್ನು ಚಂದಾ ಮಾತ್ರ ಎಂದಿತು. ಮುಂದಿನ ಫೆಬ್ರುವರಿಯಲ್ಲಿ ವಿಎಂವೇರ್‌ನ ಉಚಿತ ಆವೃತ್ತಿ ಇಎಸ್‌ಎಕ್ಸ್‌ಐ ಮಾಯವಾಯಿತು (2025ರ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ವಾಪಸ್ಸು ಬಂತು, ಆ ಮಾತು ಬೇರೆ). ಲೆಕ್ಕವೆಲ್ಲ ಕೋರ್‌ಗೆ ಇಷ್ಟು ಎಂದು. ಪ್ರೊಸೆಸರ್‌ನಲ್ಲಿ ಎಂಟೇ ಕೋರ್ ಇದ್ದರೂ ಹದಿನಾರಕ್ಕೆ ಕಟ್ಟಬೇಕು. ಮನೆ ಅದೇ, ನಲ್ಲಿ ಅದೇ, ಸೋರುವ ಮೂಲೆಯೂ ಅದೇ. ಮಾಲೀಕ ಬದಲಾದ, ಬಾಡಿಗೆ ಬದಲಾಯಿತು. ಅಷ್ಟು ದೊಡ್ಡ ಎಟಿ ಅಂಡ್ ಟಿ ಕಂಪನಿಯೇ 2024ರಲ್ಲಿ ನ್ಯೂಯಾರ್ಕಿನಲ್ಲಿ ಬ್ರಾಡ್‌ಕಾಮ್ ವಿರುದ್ಧ ಕೋರ್ಟು ಮೆಟ್ಟಿಲು ಹತ್ತಿ, ಕೊನೆಗೆ ರಾಜಿ ಮಾಡಿಕೊಂಡಿತು. ಮೂರು ಸರ್ವರ್ ಇಟ್ಟುಕೊಂಡ ನೀವು ‘ನಾನೇ ಫೋನ್ ಮಾಡಿ ಮಾತಾಡ್ತೀನಿ ಬಿಡ್ರಿ’ ಎಂದಿರಿ. ಆ ಧೈರ್ಯಕ್ಕೂ ನಮಸ್ಕಾರ.

ಅಷ್ಟರಲ್ಲಿ ನಿಮ್ಮ ಭಾವಮೈದುನರು ‘ಪ್ರಾಕ್ಸ್‌ಮಾಕ್ಸ್ ಹಾಕ್ಸಿ ಭಾವ, ಫ್ರೀ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ವಿಯೆನ್ನಾದ ಕಂಪನಿಯೊಂದು 2008ರಿಂದ ಕೊಡುತ್ತಿರುವ ಸಾಫ್ಟ್‌ವೇರ್ ಅದು. ಕೆಳಗೆ ಡೆಬಿಯನ್, ಒಳಗೆ 2007ರಲ್ಲೇ ಲಿನಕ್ಸ್ ಕರ್ನೆಲ್ ಸೇರಿದ ಕೆವಿಎಂ. ದುಡ್ಡು ಕೊಟ್ಟರೆ ಚೆನ್ನಾಗಿ ಪರೀಕ್ಷಿಸಿದ ಅಪ್‌ಡೇಟ್‌ಗಳು ಸಿಗುತ್ತವೆ, ಮೇಲಿನ ಪ್ಲಾನ್ ತಗೊಂಡರೆ ಅವರಿಂದಲೇ ಸಪೋರ್ಟು. ಕೊಡದಿದ್ದರೆ ಲಾಗಿನ್ ಆದಾಗಲೆಲ್ಲ ‘ನಿಮಗೆ ಚಂದಾ ಇಲ್ಲ’ ಎಂಬ ಪೆಟ್ಟಿಗೆ ಎದುರಿಗೆ ಬರುತ್ತದೆ. ಆ ಪೆಟ್ಟಿಗೆ ಬಾರದಂತೆ ಮಾಡಲು ಏನಾದರೂ ಉಪಾಯ ಇದೆಯೇ ಎಂದು ನೀವು ಕೇಳಿದಿರಿ. ಇಡೀ ಬದಲಾವಣೆಯಲ್ಲಿ ನೀವು ಕೇಳಿದ ಏಕೈಕ ತಾಂತ್ರಿಕ ಪ್ರಶ್ನೆ ಅದು.

ಯಾವ ಪ್ಲಾಟ್‌ಫಾರ್ಮ್ ಮೇಲು ಎಂಬ ಜಗಳ ನನಗೆ ಬೇಡ. ಎಲ್ಲ ವಿಂಡೋಸ್ ಆಗಿದ್ದರೆ ಹೈಪರ್-ವಿ ಸಾಕು, ನೀವು ಕೊಂಡ ವಿಂಡೋಸ್ ಸರ್ವರಿನೊಳಗೇ ಅದು ಇದೆ. ಫ್ರಾನ್ಸಿನ ಎಕ್ಸ್‌ಸಿಪಿ-ಎನ್‌ಜಿ ಇದೆ. ನ್ಯೂಟಾನಿಕ್ಸ್ ಚೆನ್ನಾಗಿಯೇ ಇದೆ, ಆದರೆ ಅವರೂ ಕೊಟೇಶನ್ ಕಳಿಸುವವರೇ. ಟ್ಯಾಲಿ, ಇಆರ್‌ಪಿ, ಹಾಜರಿ ಯಂತ್ರದ ಲೆಕ್ಕ, ಒಂದು ಫೈಲ್ ಸರ್ವರ್: ಇಷ್ಟನ್ನು ಯಾವುದು ಬೇಕಾದರೂ ಎಳೆಯುತ್ತದೆ. ನನ್ನನ್ನು ಕೇಳಿದರೆ ಪ್ರಾಕ್ಸ್‌ಮಾಕ್ಸ್ ಹಾಕಿ, ಚಂದಾ ಕಟ್ಟಿ. ‘ಎರಡು ಸರ್ವರ್ ಸಾಕು, ಮೂರನೆಯದನ್ನು ಮಾರಿಬಿಡೋಣ’ ಎಂದಿರಿ. ಕ್ಲಸ್ಟರ್ ಅಂದರೆ ಸರ್ವರ್‌ಗಳ ಗುಂಪು, ಅದು ಓಟಿನ ಮೇಲೆ ನಡೆಯುತ್ತದೆ ಸಾರ್. ಎರಡರಲ್ಲಿ ಒಂದು ಮಲಗಿದರೆ ಉಳಿದದ್ದಕ್ಕೆ ಬಹುಮತ ಇರುವುದಿಲ್ಲ, ಬಹುಮತ ಇಲ್ಲದೆ ಅದು ಒಂದು ವಿಎಂ ಅನ್ನೂ ಎಬ್ಬಿಸುವುದಿಲ್ಲ. ಈ ವಿಷಯದಲ್ಲಿ ವಿಧಾನಸೌಧಕ್ಕಿಂತ ಕಟ್ಟುನಿಟ್ಟು.

ಸ್ಥಳಾಂತರ ಅಷ್ಟೇನೂ ಕಷ್ಟವಲ್ಲ. ಇಎಸ್‌ಎಕ್ಸ್‌ಐನಿಂದ ವಿಎಂಗಳನ್ನು ನೇರ ಎಳೆದುಕೊಳ್ಳುವ ಸೌಕರ್ಯ ಪ್ರಾಕ್ಸ್‌ಮಾಕ್ಸಿನಲ್ಲಿ 2024ರಿಂದಲೇ ಇದೆ. ವರ್ಟ್‌ಐಒ ಡ್ರೈವರ್ ಮೊದಲೇ ಹಾಕಿರದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು, ನೆಟ್‌ವರ್ಕ್ ಕಾರ್ಡ್ ಬದಲಾಗಿ ಐಪಿ ವಿಳಾಸ ಕಳೆದುಹೋಗಬಹುದು, ಇಆರ್‌ಪಿ ‘ಇದು ನನ್ನ ಯಂತ್ರವಲ್ಲ’ ಎಂದು ಲೈಸೆನ್ಸ್ ಕೇಳಿ ಮುನಿಸಿಕೊಳ್ಳಬಹುದು. ಇದಕ್ಕೆಲ್ಲ ನೀವು ಕೊಟ್ಟ ಕಾಲಾವಕಾಶ ಒಂದು ಶನಿವಾರ ರಾತ್ರಿ. ಉದಾರವಾಯಿತು.

ಇನ್ನು ಬ್ಯಾಕಪ್. ನಿಮ್ಮ ಬಜೆಟ್ ಹಾಳೆಯಲ್ಲಿ ಈ ಸಾಲಿನ ಎದುರು ಸೊನ್ನೆ ಇದೆ, ಯಾಕೆಂದರೆ ‘ಆಗಲೇ ಇದೆಯಲ್ರೀ’. ಹೌದು, ಇದೆ. ರೇಡ್ ಇದೆ: ಒಂದು ಡಿಸ್ಕ್ ಹೋದರೆ ಇನ್ನೊಂದು ಕಾಯುತ್ತದೆ, ಯಾರಾದರೂ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸ್ನ್ಯಾಪ್‌ಶಾಟ್ ಇದೆ: ಅಪ್‌ಡೇಟ್‌ಗೆ ಮುಂಚೆ ತೆಗೆದದ್ದು, ಅದೇ ಡಿಸ್ಕಿನ ಮೇಲೆಯೇ ಕೂತಿದೆ. 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವಿಎಂವೇರ್ ತಾನೇ ಹೇಳುತ್ತದೆ. ನಮ್ಮದು ಹಲವು ಆಯುಧಪೂಜೆ ಕಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡಿದೆ. ಕ್ಯಾಷಿಯರ್ ಡ್ರಾಯರಿನಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕೂ ಇದೆ. ಅದರಲ್ಲಿ ಏನಿದೆ ಎಂಬುದು ಕ್ಯಾಷಿಯರಿಗೂ ಗೊತ್ತಿಲ್ಲ.

ಪ್ರತ್ಯೇಕ ಬ್ಯಾಕಪ್ ಸರ್ವರ್ ಕೇಳಿದಾಗ ‘ಅದನ್ನೂ ಇದೇ ಸರ್ವರಿನಲ್ಲಿ ಇನ್ನೊಂದು ವಿಎಂ ಮಾಡಿ ಹಾಕ್ರಿ’ ಎಂದಿರಿ. ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಹೋಸ್ಟಿಂಗ್ ಕಂಪನಿ 2023ರ ಆಗಸ್ಟ್‌ನಲ್ಲಿ ಸರ್ವರ್‌ಗಳನ್ನು ಸಾಗಿಸುತ್ತಿತ್ತು. ಸೋಂಕು ತಗುಲಿದ್ದ ಯಂತ್ರಗಳು ಸಾಗಣೆಯ ಗಡಿಬಿಡಿಯಲ್ಲಿ ಒಳಗಿನ ನೆಟ್‌ವರ್ಕಿಗೆ ಸೇರಿದವು. ದಾಳಿಕೋರರು ಸರ್ವರ್‌ಗಳ ಜೊತೆಗೆ ಎರಡೂ ಹಂತದ ಬ್ಯಾಕಪ್‌ಗಳಿಗೆ ಬೀಗ ಜಡಿದರು. ಬಹುಪಾಲು ಗ್ರಾಹಕರ ಡೇಟಾ ಹೋಯಿತು. ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ನೌಕರರ 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಬೇರೆಡೆ ಪ್ರತಿ ಯಾಕಿಲ್ಲ ಎಂದರೆ, ಗಾತ್ರ ಬಹಳ ದೊಡ್ಡದಿತ್ತಂತೆ. ಅಲ್ಲಿಯೂ ನಿಮ್ಮಂಥ ಮಿತವ್ಯಯಿಗಳು ಇದ್ದಾರೆ ಎಂಬುದೇ ಸಮಾಧಾನ.

ಇನ್ನೊಂದು ತೊಡಕು ಯಾರಿಗೂ ಹೊಳೆದಂತಿಲ್ಲ. ಹಳೆಯ ಬ್ಯಾಕಪ್‌ಗಳೆಲ್ಲ ವಿಎಂವೇರ್ ಕಾಲದವು. ಸರ್ವರ್‌ಗಳನ್ನೆಲ್ಲ ಒರೆಸಿ ಪ್ರಾಕ್ಸ್‌ಮಾಕ್ಸ್ ಹಾಕಿದ ಮೇಲೆ ಅವನ್ನು ತೆರೆಯುವುದು ಎಲ್ಲಿ? ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕ ಎಂಟು ವರ್ಷ ಇರಬೇಕು. ಅದರ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನಾ ಆಗಬೇಕು ಎಂದು 2022ರಲ್ಲಿ ನಿಯಮವೂ ಬಂದಿದೆ. ನನ್ನ ಮಾತು ಬೇಡ, ನಿಮ್ಮ ಆಡಿಟರನ್ನು ಕೇಳಿ. ವೀಮ್‌ನಂಥ ಸಾಫ್ಟ್‌ವೇರ್ ಈಗ ವಿಎಂವೇರ್ ಬ್ಯಾಕಪ್ಪನ್ನೇ ಪ್ರಾಕ್ಸ್‌ಮಾಕ್ಸಿನಲ್ಲಿ ಇಳಿಸುತ್ತದೆ. ಯಾವುದೋ ಅಗ್ಗದ ಸಾಫ್ಟ್‌ವೇರಿನಲ್ಲಿ ತೆಗೆದದ್ದಾದರೆ ಹಳೆಯ ಸರ್ವರ್ ಒಂದನ್ನು ಹಾಗೇ ಉಳಿಸಿಕೊಳ್ಳಬೇಕಾಗುತ್ತದೆ. ನೀವು ಮಾರಲು ಹೊರಟದ್ದು ಅದನ್ನೇ.

ನನ್ನ ಬೇಡಿಕೆ ಇಷ್ಟೇ: ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಲು ಒಂದು ಪ್ರತ್ಯೇಕ ಪೆಟ್ಟಿಗೆ, ಅದಕ್ಕೆ ಡೊಮೇನ್‌ಗೆ ಸೇರದ ಬೇರೆಯೇ ಪಾಸ್‌ವರ್ಡ್, ಇನ್ನೊಂದು ಪ್ರತಿ ಗೋಡೌನಿನಲ್ಲಿ. ಬ್ಯಾಕಪ್ಪಿನ ಗೂಢಲಿಪಿಯ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ನಿಮ್ಮ ತಿಜೋರಿಯಲ್ಲಿಡಿ, ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಸಾಫ್ಟ್‌ವೇರ್ ಫ್ರೀಯೇ, ಪೆಟ್ಟಿಗೆಗೆ ಮಾತ್ರ ದುಡ್ಡು.

ದಿನಾ ಬರುವ ಹಸಿರು ಟಿಕ್ ಮಾರ್ಕಿನ ವರದಿ ನೋಡಿ ನೀವು ನೆಮ್ಮದಿಯಾಗಿದ್ದೀರಿ. 2017ರಲ್ಲಿ ಗಿಟ್‌ಲ್ಯಾಬ್ ಕಂಪನಿಯವರ ಡೇಟಾಬೇಸ್ ಅಳಿಸಿಹೋದಾಗ, ನಂಬಿಕೊಂಡಿದ್ದ ಬ್ಯಾಕಪ್ ವ್ಯವಸ್ಥೆಗಳು ಒಂದಾದ ಮೇಲೊಂದು ಕೈಕೊಟ್ಟವು. ಆದ್ದರಿಂದ ಬರುವ ಭಾನುವಾರ ಟ್ಯಾಲಿ ಸರ್ವರನ್ನು ಬ್ಯಾಕಪ್‌ನಿಂದ ಬೇರೊಂದು ಯಂತ್ರದಲ್ಲಿ ಎಬ್ಬಿಸಿ ನೋಡುವವನಿದ್ದೇನೆ. ದಯವಿಟ್ಟು ನೀವೂ ಬನ್ನಿ, ಭಾವಮೈದುನರನ್ನೂ ಕರೆತನ್ನಿ. ಕಳೆದ ಮಾರ್ಚ್‌ನ ಯಾವುದಾದರೊಂದು ಬಿಲ್ ನಂಬರ್ ಹೇಳಿ. ಅದು ಪರದೆಯ ಮೇಲೆ ಬಂದರೆ ನಿಮ್ಮ ಸೊನ್ನೆ ಹಾಗೇ ಇರಲಿ. ಬಾರದಿದ್ದರೆ ಅಲ್ಲೇ ಸಹಿ ಹಾಕಿ, ಪೆನ್ನು ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಸ್ಟಮ್ ಅಡ್ಮಿನ್ (ಪ್ರಿಂಟರ್ ಮತ್ತು ಪ್ರೊಜೆಕ್ಟರ್ ಹೆಚ್ಚುವರಿ ಹೊಣೆ)