ಐದು ಸೆಕೆಂಡ್ ಸುಮ್ಮ ಕೂಡ್ರಿ

ನಾವು ಸಾಲಿ ಕಲಿಯುವಾಗ ವಿಜ್ಞಾನ ಪ್ರದರ್ಶನವೆಂದರೆ ಥರ್ಮಾಕೋಲಿನ ಜ್ವಾಲಾಮುಖಿ. ಅಡುಗೆ ಸೋಡಾದ ಮೇಲೆ ಲಿಂಬೆರಸ ಹಿಂಡಿದರೆ ನೊರೆ ಉಕ್ಕುತ್ತಿತ್ತು, ಬಹುಮಾನ ಬರುತ್ತಿತ್ತು. ಈಗಿನ ಹುಡುಗರದು ಬೇರೆ ಕತೆ. ನಮ್ಮಣ್ಣನ ಮಗ ಮತ್ತವನ ಗೆಳೆಯರು ತಂತ್ರಜ್ಞಾನ ಸ್ಪರ್ಧೆಗೆ ‘ವಿಜಯಪುರದ ಸದ್ದುಗಳು’ ಎಂಬ ಧ್ವನಿಮುದ್ರಿಕೆ ತಯಾರಿಸಲು ಹೊರಟರು. ಸ್ಟುಡಿಯೋ ನಮ್ಮ ಮನೆ. ದನಿ ಗೋಡೆಗೆ ಬಡಿದು ವಾಪಸಾಗಬಾರದೆಂದು ಅಜ್ಜಿಯ ಕೌದಿಗಳೆಲ್ಲ ಹಗ್ಗವೇರಿದವು. ಫ್ಯಾನೂ ಬಂದ್. ಬೆವರಿಗೆ ಮಾತ್ರ ಸದ್ದಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ.

ಅಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದಿಡಬಲ್ಲದು. ನಮ್ಮ ಓಣಿಯಲ್ಲಿ ಅಷ್ಟು ಚೊಕ್ಕ ಲೆಕ್ಕ ಇಡುವವರು ಕಿರಾಣಿ ಅಂಗಡಿಯವರೊಬ್ಬರೇ. ಆದರೆ ಗದ್ದಲ ತೆಗೆಯಬೇಕಾದರೆ ಯಾರೂ ಮಾತಾಡದ ತುಣುಕೊಂದನ್ನು ಅದಕ್ಕೆ ಮೊದಲು ಕೊಡಬೇಕು. ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನು ಗುರುತು ಹಿಡಿದು, ಉಳಿದೆಡೆ ಅದನ್ನೇ ತಗ್ಗಿಸುತ್ತದೆ.

“ಕಾಕಾ, ಐದು ಸೆಕೆಂಡ್ ಎಲ್ಲಾರೂ ಸುಮ್ಮ ಕೂಡ್ರಿ.”

“ಆತ್ ಬಿಡಪಾ, ಕೂಡ್ತೀವಿ,” ಅಂದೆ. ಅದು ರೆಕಾರ್ಡಾಯಿತು. ಮತ್ತೆ ಶುರು. “ಮುಗೀತೇನೋ?” ಅಂದಳು ಅವ್ವ. ಆಮೇಲೆ ಕುಕ್ಕರ್ ಕೂಗಿತು.

ಮೌನ ಹುಡುಕಿಕೊಂಡು ತಿಕೋಟಾಕ್ಕೆ ಹೋದೆವು. ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಸದ್ದಿಲ್ಲದೆ ಒಣಗುತ್ತಿತ್ತು. ಮಾಲೀಕರ ಬಾಯಿ ಒಣಗಬೇಕಲ್ಲ! “ಮಾಲು ಚಲೋ ಐತ್ರಿ, ರೇಟ ಇಲ್ಲ,” ಎಂದು ಸುರುಮಾಡಿದವರು ಚಹಾ ಬರುವತನಕ ನಿಲ್ಲಿಸಲಿಲ್ಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆದಂಡೆಯಲ್ಲಿ ಮನುಷ್ಯರಿರಲಿಲ್ಲ, ಗಾಳಿಯಿತ್ತು. ಮೈಕಿನಲ್ಲಿ ಅದು ಘಾಟಿ ಹತ್ತುವ ಲಾರಿಯಂತೆ ಕೇಳಿಸಿತು.

ಆ ಕೆರೆ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾ ಮಲಗಿರುವುದು 1656ರಲ್ಲಿ ಮುಗಿದ ಗೋಲಗುಂಬಜದಲ್ಲಿ. ಎಕೋ ಬೇಕೆಂದರೆ ತಂತ್ರಾಂಶದಲ್ಲೇ ಒಂದು ಬಟನ್ ಇದೆ. ಹುಡುಗರು ಒಪ್ಪಲಿಲ್ಲ: “ಖರೇದs ಬೇಕ್ರಿ.” ಸರಿ, ಗುಮ್ಮಟ ಹತ್ತಿದೆವು. ಒಂದು ಬದಿಯ ಪಿಸುಮಾತು ಎದುರು ಬದಿಗೆ ಮುಟ್ಟುವ ಗ್ಯಾಲರಿ ಅಲ್ಲಿದೆ. ಅಣ್ಣನ ಮಗ ಗೋಡೆಗೆ ಬಾಯಿಟ್ಟು ಪಿಸುಗುಟ್ಟುವ ಹೊತ್ತಿಗೆ ಪ್ರವಾಸಿಯೊಬ್ಬ “ಲೇ, ಫೋಟೋ ತಗೀಲೇ!” ಎಂದು ಅಬ್ಬರಿಸಿದ. ಒಮ್ಮೆ ಅಂದದ್ದನ್ನು ಏಳು ಸಲ ಅನ್ನುತ್ತದೆಂದು ಹೆಸರಾದ ಗುಮ್ಮಟ ಅಂದೂ ಜಿಪುಣತನ ತೋರಲಿಲ್ಲ.

ಬೇಕಾದ ಐದು ಸೆಕೆಂಡು ಕೊನೆಗೆ ಸಿಕ್ಕದ್ದು ನಡುರಾತ್ರಿ, ಊರೆಲ್ಲ ಮಲಗಿದ ಮೇಲೆ. ಅದರಲ್ಲೂ ನನ್ನ ಗೊರಕೆ ಇದೆಯಂತೆ. ತಂತ್ರಾಂಶ ಅದನ್ನೇ ಊರಿನ ಹಿನ್ನೆಲೆ ಸದ್ದೆಂದು ನಂಬಿ, ಉಳಿದ ಕಡೆಯೂ ತಗ್ಗಿಸಿತು. ತೀರ್ಪುಗಾರರು ಮೆಚ್ಚಿದ್ದು ಫೋಟೋದವನ ಏಳು ಕೂಗನ್ನು.

ಗುಮ್ಮಟ ನೋಡಲು ಬಂದವರು ದಯವಿಟ್ಟು ಪಿಸುಗುಟ್ಟಿ. ಅಲ್ಲಿ ಅಷ್ಟೇ ಸಾಕು. ಮೊಬೈಲು ಹಿಡಿದು ಹುಡುಗನೊಬ್ಬ ಗೋಡೆಗೆ ಕಿವಿಗೊಟ್ಟು ನಿಂತಿದ್ದರಂತೂ ಐದು ಸೆಕೆಂಡು ಸುಮ್ಮನಿರಿ. “ಆತ್ ಬಿಡಪಾ” ಎಂದೂ ಅನ್ನಬೇಡಿ.