ಬ್ಯಾಟರಾಯನಪುರದ ಡೆಮೊರಾಯರು

ಭಾನುವಾರ ಬೆಳಿಗ್ಗೆ ಹಾಲು ತರಲು ಹೋಗುವವರು ಆ ಕ್ರಾಸಿಗೆ ಬಂದಾಗ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಹೊಂಗೆ ಮರದ ಕೆಳಗೆ ಬಿಳಿ ಕಾರೊಂದು ನಿಂತಿರುತ್ತದೆ. ಅದರ ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡ ಹಿರಿಯರೊಬ್ಬರು ದಾರಿ ಕಾಯುತ್ತಿರುತ್ತಾರೆ. ಕಣ್ಣಿಗೆ ಕಣ್ಣು ಸಿಕ್ಕಿತೋ, ಮುಗಿಯಿತು. "ಒಂದ್ ನಿಮಿಷ ಬನ್ನಿ ಸಾರ್, ಚಿಕ್ಕದೊಂದು ಡೆಮೊ." ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಮೊಸರಾಗುವ ಯೋಚನೆಯಲ್ಲಿರುತ್ತದೆ.

ಇವರೇ ಡೆಮೊರಾಯರು. ಸಹಕಾರನಗರದಿಂದ ಜಕ್ಕೂರಿನವರೆಗೆ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಮಗಳ ಮದುವೆ ಮುಗಿಸಿ, ಉಳಿದ ದುಡ್ಡಿನಲ್ಲಿ 'ಟಾಪ್ ಎಂಡ್' ಕಾರು ಕೊಂಡವರು. ಷೋರೂಮಿನ ಹುಡುಗ ಅರ್ಧ ಗಂಟೆಯಲ್ಲಿ ಹೇಳಿಕೊಟ್ಟಿದ್ದನ್ನು ಇವರು ಒಂದು ವರ್ಷದಿಂದ ಇಡೀ ಬೀದಿಗೆ ಹೇಳಿಕೊಡುತ್ತಿದ್ದಾರೆ. ಕಾರಿನ ಜತೆ ಬಂದ ಕೈಪಿಡಿ ಮಾತ್ರ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಬಿಚ್ಚಿದರೆ ಹೊಸದರ ವಾಸನೆ ಹೋಗುತ್ತದಂತೆ.

ತೋರಿಸುವುದೇನು ಕಡಿಮೆ ಇಲ್ಲ. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಕನ್ನಡಿಗಳು ಕಿವಿ ಬಿಚ್ಚಿದಂತೆ ತೆರೆದುಕೊಳ್ಳುತ್ತವೆ. ಒಳಗೆ ಅರವತ್ತನಾಲ್ಕು ಬಣ್ಣದ ದೀಪ. ಸೀಟಿನೊಳಗಿಂದ ತಣ್ಣನೆ ಗಾಳಿ. ಇದನ್ನು ಅನುಭವಿಸಲು ಕೂತ ಎದುರುಮನೆ ಅಜ್ಜಿ "ಇದೇನಪ್ಪಾ ಕೆಳಗಿಂದ ಗಾಳಿ" ಎಂದು ಬೆಚ್ಚಿ ಇಳಿದಿದ್ದೂ ಉಂಟು. ಮಾತು ಕೇಳುವ ದಾರಿಗಾರ ಬೇರೆ. ಒಮ್ಮೆ ಮೆಜೆಸ್ಟಿಕ್ಕಿನಿಂದ ವಾಪಸು ಬರುವಾಗ ರಾಯರು ಗಂಭೀರ ಇಂಗ್ಲಿಷಿನಲ್ಲಿ "ಬ್ಯಾಟರಾಯನಪುರ" ಎಂದು ಅಪ್ಪಣೆ ಕೊಟ್ಟರು. ಕಾರು ವಿಧೇಯತೆಯಿಂದ ಮೈಸೂರು ರಸ್ತೆಯ ಬ್ಯಾಟರಾಯನಪುರಕ್ಕೆ ದಾರಿ ತೋರಿಸಿತು. ಕಾರಿನ ತಪ್ಪೇನೂ ಇಲ್ಲ. ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡಿವೆ. ವಿಧಾನಸಭಾ ಕ್ಷೇತ್ರ ಬಳ್ಳಾರಿ ರಸ್ತೆಯ ಪಾಲಿಗೆ ಬಂದರೆ, ಆ ಹೆಸರಿನ ಪೊಲೀಸ್ ಠಾಣೆ ಮೈಸೂರು ರಸ್ತೆಯ ಪಾಲಿಗೆ ಹೋಗಿದೆ. ಹುಟ್ಟಿದಾಗಿನಿಂದ ಇದೇ ಊರಲ್ಲಿರುವ ರಾಯರು ಮಾತ್ರ ಪರದೆಯ ಮೇಲಿನ ನೀಲಿ ಗೆರೆಯನ್ನೇ ನಂಬಿ ಶಿರಸಿ ವೃತ್ತದವರೆಗೂ ಹೋಗಿದ್ದರು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕುರ್ಚಿಯ ಪ್ರಕರಣ.

ಮುಂದೆ ವಾಹನವೋ ಮನುಷ್ಯರೋ ಅಡ್ಡ ಬಂದು, ಓಡಿಸುವವರು ಬ್ರೇಕ್ ಒತ್ತದೇ ಹೋದರೆ ಕಾರೇ ಬ್ರೇಕ್ ಹಾಕಿಕೊಳ್ಳುವ ವ್ಯವಸ್ಥೆ ಈಗಿನ ಕೆಲವು ಕಾರುಗಳಲ್ಲಿದೆ. ಮುಂಗಾಜಿನ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಲವದರಲ್ಲಿ ಮೂತಿಯ ಹತ್ತಿರ ರೇಡಾರ್ ಕೂಡ ಇರುತ್ತದೆ. ರಾಯರ ಸಂಕಟವೇನೆಂದರೆ, ಕೊಂಡು ಎಂಟು ತಿಂಗಳಾದರೂ ಅದು ಒಮ್ಮೆಯೂ ಕೆಲಸ ಮಾಡಿರಲಿಲ್ಲ. ಅಂದರೆ ಎಂಟು ತಿಂಗಳು ಅಪಘಾತದ ಹತ್ತಿರವೂ ಹೋಗಿರಲಿಲ್ಲ ಎಂದು ಸಂತೋಷಪಡುವ ಜಾಯಮಾನ ಅವರದಲ್ಲ. ದುಡ್ಡು ಕೊಟ್ಟಿದ್ದು ದಂಡವಾಯಿತಲ್ಲ ಎಂಬ ಕೊರಗು. ಒಂದು ಸಂಜೆ ಈ ಲೇಖಕನ ಮನೆ ಬಾಗಿಲಿಗೆ ಬಂದರು.

"ಸಾರ್, ಎರಡೇ ನಿಮಿಷ. ಸ್ವಲ್ಪ ರೋಡಲ್ಲಿ ನಿಂತ್ಕೊಳ್ತೀರಾ? ಅದೇ ಬ್ರೇಕ್ ಹಾಕುತ್ತೆ."

ಒಳಗಿನಿಂದ ಲೇಖಕನ ಹೆಂಡತಿಯ ದನಿ ಬಂತು: "ರೀ, ಈ ವರ್ಷದ ಎಲ್‌ಐಸಿ ಕಂತು ಕಟ್ಟಿದೀರಾ?"

ನೆರೆಯವರಿಗೆ ಇಲ್ಲವೆನ್ನಲು ಬಾಯಿ ಬರದ ಲೇಖಕ ತನ್ನ ಬದಲಿಗೆ ವರಾಂಡದ ಪ್ಲಾಸ್ಟಿಕ್ ಕುರ್ಚಿಯನ್ನು ಕೊಟ್ಟ. ಅದನ್ನು ಬೀದಿ ಮಧ್ಯೆ ಇಡಲಾಯಿತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಗೋಡೆಯ ಮೇಲೆ ಸಾಲಾಗಿ ಕೂತರು. ರಾಯರು ಕಾರನ್ನು ಕ್ರಾಸಿನ ತುದಿಗೆ ಒಯ್ದು, ಸ್ಟೀರಿಂಗಿಗೆ ಕೈಮುಗಿದು, ಬಂದರು. ಬ್ರೇಕಿನಿಂದ ಕಾಲು ತೆಗೆದಿರುವುದನ್ನು ಎಲ್ಲರೂ ನೋಡಲಿ ಎಂದು ಬಾಗಿಲು ಅರ್ಧ ತೆರೆದುಕೊಂಡೇ ಬಂದರು. ಬಾಗಿಲು ಹಾಕಿಲ್ಲವೆಂದು ಕಾರು ಕಿರುಚುತ್ತಿತ್ತು. ಆ ಕಿರುಚಾಟದ ನಡುವೆಯೇ ಕುರ್ಚಿಯನ್ನು ಏರಿ, ಅದರ ಎರಡು ಕಾಲು ಮುರಿದು, ಹತ್ತಡಿ ಎಳೆದುಕೊಂಡು ಹೋಗಿ ನಿಂತಿತು. ಬೀದಿಯಲ್ಲಿ ಒಂದು ಕ್ಷಣ ಮೌನ. ರಾಯರು ಇಳಿದು ಬಗ್ಗಿ ನೋಡಿ, ಸ್ವಲ್ಪವೂ ಅಳುಕದೆ ಹೇಳಿದರು: "ಕುರ್ಚೀಲಿ ಯಾರೂ ಕೂತಿರ್ಲಿಲ್ಲವಲ್ಲ ಸಾರ್, ಅದಕ್ಕೇ."

ವಿಚಿತ್ರವೆಂದರೆ ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಈ ವ್ಯವಸ್ಥೆಗಳಿಗೆ ಕಲಿಸಿರುವುದು ಮುಖ್ಯವಾಗಿ ವಾಹನಗಳನ್ನು, ಮನುಷ್ಯರನ್ನು ಗುರುತು ಹಿಡಿಯಲು. ಲೋಹದಿಂದ ಪುಟಿದು ಬರುವಷ್ಟು ಚೆನ್ನಾಗಿ ರೇಡಾರ್ ಅಲೆ ಪ್ಲಾಸ್ಟಿಕ್ಕಿನಿಂದ ವಾಪಸಾಗುವುದಿಲ್ಲ. ಇದನ್ನು ನೀವಾಗಿ ಪರೀಕ್ಷೆ ಮಾಡಲು ಹೋಗಬೇಡಿ ಎಂಬ ಎಚ್ಚರಿಕೆ ಇಂಥ ಕಾರುಗಳ ಕೈಪಿಡಿಗಳಲ್ಲಿ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ.

ಹೀಗೆ ಕೆಲಸ ಮಾಡಲಿ ಎಂದು ಕಾದದ್ದು ಮಾಡಲಿಲ್ಲ. ಮಾಡಿದ್ದು ಇವರಿಗೆ ತಿಳಿಯಲಿಲ್ಲ. ಒಂದು ಮಳೆಯ ಸಂಜೆ ಕೊಡಿಗೇಹಳ್ಳಿ ಗೇಟಿನ ಬಳಿ ಬಿಎಂಟಿಸಿ ಬಸ್ಸೊಂದು ಗಕ್ಕನೆ ನಿಂತಾಗ ರಾಯರು ಬ್ರೇಕನ್ನು ಜೋರಾಗಿ ತುಳಿದರು. ಪೆಡಲ್ ಕಾಲಿನಡಿ ಗಡಗಡ ನಡುಗಿತು. ಕಾರು ಜಾರದೆ, ವಾಲದೆ, ಬಸ್ಸಿಗೆ ಮೊಳದ ದೂರದಲ್ಲಿ ನಿಂತಿತು. ಮರುದಿನವೇ ಸರ್ವಿಸ್ ಸೆಂಟರಿಗೆ ಹೋಗಿ "ಬ್ರೇಕ್ ನಡುಗುತ್ತೆ, ಸರಿ ಮಾಡಿ" ಎಂದು ದೂರು ಬರೆಸಿದರು. ಗಾಲಿ ಬಿಗಿದು ಜಾರದಂತೆ ಎಬಿಎಸ್ ಸೆಕೆಂಡಿಗೆ ಹಲವು ಸಲ ಬ್ರೇಕನ್ನು ಹಿಡಿದು ಬಿಡುತ್ತದೆ, ಅದರ ನಡುಕ ಅದು, ಆಗ ಕಾಲು ತೆಗೆಯದೆ ಒತ್ತಿಯೇ ಇರಬೇಕು ಎಂದು ಅಲ್ಲಿನ ಮೆಕ್ಯಾನಿಕ್ ತಾಳ್ಮೆಯಿಂದ ವಿವರಿಸಿದ. ರಾಯರಿಗೆ ಸಮಾಧಾನವಾಗಲಿಲ್ಲ. ಜೀವ ಉಳಿಸಿದ್ದಕ್ಕಿಂತ, ಅದು ನಡೆದಾಗ ಪಕ್ಕದಲ್ಲಿ ನೋಡುವವರು ಯಾರೂ ಇರಲಿಲ್ಲವೆಂಬುದೇ ಅವರಿಗೆ ದೊಡ್ಡದಾಗಿತ್ತು.

ಇವರ ಕಾರಿನಲ್ಲಿ ಡೆಮೊ ಕೊಡಲಾಗದ ಸಾಮಾನುಗಳಿಗೆ ಬೆಲೆ ಇಲ್ಲ. ಸೀಟ್ ಬೆಲ್ಟನ್ನೇ ನೋಡಿ. 1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಹೆಗಲಿನಿಂದ ಸೊಂಟಕ್ಕೆ ಬರುವ ಮೂರು ಬಿಂದುಗಳ ಪಟ್ಟಿಯನ್ನು ರೂಪಿಸಿದರು. ಕಂಪನಿ ಅದರ ಪೇಟೆಂಟನ್ನು ಬೇರೆ ತಯಾರಕರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಜಗತ್ತಿಗೆಲ್ಲ ಪುಕ್ಕಟೆ ಸಿಕ್ಕಿದ್ದನ್ನು ತೋರಿಸಿ ರಾಯರು ಯಾರ ಹೊಟ್ಟೆ ಉರಿಸಬೇಕು? ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಎಚ್ಚರಿಸುವ ಸದ್ದು, ವೇಗ 80 ಕಿ.ಮೀ. ದಾಟಿದರೆ ಬೀಪ್, 120 ದಾಟಿದರೆ ಬಿಡದೆ ಬೀಪ್, ಹಿಂದಕ್ಕೆ ತೆಗೆಯುವಾಗ ಸೆನ್ಸರ್ ಇವೆಲ್ಲ ಕಡ್ಡಾಯವಾದವು. ಆ ಸದ್ದಿಗೆ ರಾಯರು ಕಂಡುಕೊಂಡ ಮದ್ದು ಬೆಲ್ಟಿನ ಗೂಡಿಗೆ ಸಿಕ್ಕಿಸುವ ತಗಡಿನ ತುಂಡು. ಬೆಲ್ಟ್ ಇಲ್ಲ, ನಾಲಿಗೆ ಮಾತ್ರ. ಇನ್ನೊಂದು ತುದಿ ಸೋಡಾ ಬಾಟಲಿಯ ಮುಚ್ಚಳ ತೆಗೆಯಲು. ಇಂಥವನ್ನು ಮಾರದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಹೊರಡಿಸಬೇಕಾಯಿತು. "ಬೆಲ್ಟ್ ಯಾಕೆ ಸಾರ್, ಆರು ಏರ್‌ಬ್ಯಾಗ್ ಇದೆ" ಎನ್ನುವುದು ರಾಯರ ವಾದ. ಏರ್‌ಬ್ಯಾಗ್ ಮೇಲೆ ಬರೆದಿರುವ 'ಎಸ್‌ಆರ್‌ಎಸ್' ಎಂಬುದರ ಮೊದಲಕ್ಷರದ ಅರ್ಥವೇ ಪೂರಕ ಎಂದು. ಅನ್ನವಿಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿದರೆ ಊಟವಾಗುತ್ತದೆಯೇ? ಬೆಲ್ಟ್ ಹಿಡಿದಿಡದ ಎದೆ ಮುಗ್ಗರಿಸುವ ಹೊತ್ತಿಗೆ, ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಬರುವ ಚೀಲ ಅದನ್ನೇ ಗುದ್ದುತ್ತದೆ.

ಆ ಆರು ಚೀಲಗಳಲ್ಲಿ ಎರಡನ್ನು ಅವರೇ ಕಟ್ಟಿಹಾಕಿದ್ದಾರೆ. ಪಕ್ಕದ ಏರ್‌ಬ್ಯಾಗ್ ಸೀಟಿನ ಅಂಚಿನ ಹೊಲಿಗೆ ಹರಿದು ಹೊರಬರುತ್ತದೆ. ರಾಯರು ಅದರ ಮೇಲೆ ಬಿಗಿಯಾದ ಕಂದು ಚರ್ಮದ ಕವರ್ ಹೊಲಿಸಿದ್ದಾರೆ. ಎದುರುಗಡೆ, ಪಕ್ಕದವರ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಅಂಟು ಹಾಕಿ ಕೂರಿಸಿದ ಹಿತ್ತಾಳೆ ಗಣಪತಿ. ವಿಘ್ನ ಬಂದ ದಿನ ವಿಘ್ನನಿವಾರಕನೇ ಮೊದಲು ಮುಖಕ್ಕೆ ಬರುತ್ತಾನೆ. ಆಯುಧಪೂಜೆಯ ದಿನ ಮೂತಿಗೆ ಸೇವಂತಿಗೆ ಹಾರ ಹಾಕಿ ರೇಡಾರ್ ಮುಚ್ಚಿದ್ದರು, ಹಿಂಬದಿ ಕ್ಯಾಮೆರಾಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ಒಂದು ವಾರ ಪರದೆಯಲ್ಲಿ ಇಡೀ ಬ್ಯಾಟರಾಯನಪುರ ಸಂಜೆಗೆಂಪಿನಲ್ಲಿ ಮಿಂದಿತ್ತು. ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿದಾಗ ನಾಲ್ಕೂ ಕಡೆಯ ಸೆನ್ಸರ್‌ಗಳು ಮಂಗಳವಾದ್ಯದಂತೆ ಕೂಗಿದವು.

ನಗುವ ಈ ಲೇಖಕನೇನು ಸಾಚಾ ಅಲ್ಲ. ಅವನ ಹಳೆಯ ಕಾರಿನಲ್ಲಿ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಯಾವಾಗಿನಿಂದಲೋ ಉರಿಯುತ್ತಿದೆ. ಅದನ್ನು ಅವನು ನಂದಾದೀಪವೆಂದು ಒಪ್ಪಿಕೊಂಡಿದ್ದಾನೆ. ನೇರ ಹೋಗುತ್ತೇನೆಂದು ತಿಳಿಸಲು ನಾಲ್ಕೂ ಇಂಡಿಕೇಟರ್ ಹಾಕುವ ಚಟ ಬಿಟ್ಟಿದ್ದು ಮೊನ್ನೆ ಮೊನ್ನೆ. ಪಕ್ಕದಿಂದ ನೋಡುವವನಿಗೆ ಎರಡರಲ್ಲಿ ಒಂದೇ ದೀಪ ಕಾಣುತ್ತದೆ, ತಿರುಗುತ್ತಿದ್ದಾನೆ ಅಂದುಕೊಳ್ಳುತ್ತಾನೆ ಎಂದು ಹೇಳಿಕೊಟ್ಟವನು ಆಟೊ ಚಾಲಕ, ಆಡಬಾರದ ಮಾತಿನಲ್ಲಿ. ಹಿಂದಿನ ಸೀಟಿನ ಬೆಲ್ಟಂತೂ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಸುದ್ದಿ ಬಂದ ಮೇಲೆ ಸೀಟ್ ಕವರಿನಡಿ ಕೈ ತೂರಿಸಿ ಹುಡುಕಿದ. ಒಂದು ಬಾಚಣಿಗೆ, ಮೂರು ಕಡಲೆಬೀಜ, ಆಮೇಲೆ ಬೆಲ್ಟಿನ ಗೂಡು ಸಿಕ್ಕವು.

ಒಮ್ಮೆ ಈ ವಿಷಯಕ್ಕೆ ಕೆಣಕಿದಾಗ ರಾಯರು ತಮ್ಮ ಹಳೆಯ ಚೇತಕ್ ಸ್ಕೂಟರಿನ ಮಾತು ತೆಗೆದರು. ವಾರೆ ಮಾಡಿ ಪೆಟ್ರೋಲು ಇಳಿಸಿ ಕಿಕ್ ಹೊಡೆದರೆ ಹೊರಡುತ್ತಿದ್ದ ಗಾಡಿ. ಮುಂದೆ ಮಗಳು ನಿಂತು, ಹಿಂದೆ ಹೆಂಡತಿ, ನಡುವೆ ಮಗ. ಬಳ್ಳಾರಿ ರಸ್ತೆಯಲ್ಲಿ ಆಗಿನ್ನೂ ಮೇಲ್ಸೇತುವೆ ಇರಲಿಲ್ಲ. "ಮಗಳ ತಲೆ ಗಾಳಿಗೆ ಅಡ್ಡ ಇರ್ತಿತ್ತು ಸಾರ್. ಗಲ್ಲ ಅವಳ ನೆತ್ತಿಗೆ ತಾಗಿಸ್ಕೊಂಡೇ ಓಡಿಸ್ತಿದ್ದೆ. ಏನಾದ್ರೂ ಆಗಿದ್ರೆ ಅಂತ ಒಂದ್ ದಿನಾನೂ ಅನ್ನಿಸ್ಲಿಲ್ಲ ನೋಡಿ." ಆಮೇಲೆ ಸ್ವಲ್ಪ ಹೊತ್ತು ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದರು.

ಕಾರಿನಲ್ಲಿ ಅವರು ಹೆಚ್ಚು ಆಸೆಪಟ್ಟು ಕೊಂಡಿದ್ದು ಸನ್‌ರೂಫ್. ಮೆಟ್ರೊ ಕಾಮಗಾರಿಯ ದೂಳಿನ ಈ ರಸ್ತೆಯಲ್ಲಿ ಅದನ್ನು ತೆರೆಯುವುದೆಂದರೆ ಸಿಮೆಂಟು ಜರಡಿ ಹಿಡಿದಂತೆ. ಆದರೂ ಮೊಮ್ಮಗನಿಗಾಗಿ ಕೊಂಡರು. ಹುಡುಗ ಅದರಿಂದ ತಲೆ ಹೊರಗೆ ಹಾಕಿ ಜಕ್ಕೂರು ಕೆರೆಯವರೆಗೆ ಮೆರವಣಿಗೆ ಹೋಗುತ್ತಿದ್ದ. 2025ರ ಸೆಪ್ಟೆಂಬರಿನಲ್ಲಿ ಒಂದು ವಿಡಿಯೊ ಎಲ್ಲರ ಫೋನಿಗೂ ಬಂತು. ಇಲ್ಲೇ ವಿದ್ಯಾರಣ್ಯಪುರದ ಕಡೆ, ಜಿಕೆವಿಕೆ ರಸ್ತೆಯಲ್ಲಿ, ಸನ್‌ರೂಫಿನಿಂದ ಮೇಲೆದ್ದು ನಿಂತಿದ್ದ ಪುಟ್ಟ ಹುಡುಗನೊಬ್ಬನ ತಲೆಗೆ, ಎತ್ತರದ ವಾಹನಗಳನ್ನು ತಡೆಯಲು ಹಾಕಿದ್ದ ಕಬ್ಬಿಣದ ಅಡ್ಡಪಟ್ಟಿ ಬಡಿಯಿತು. ಹುಡುಗ ಒಳಕ್ಕೆ ಕುಸಿದ. ರಾಯರಿಗೆ ಚಿರಪರಿಚಿತ ರಸ್ತೆ ಅದು. ವಿಡಿಯೊವನ್ನು ಅವರು ಯಾರಿಗೂ ಕಳಿಸಲಿಲ್ಲ. ಯಾವುದನ್ನೂ ಕಳಿಸದೆ ಬಿಟ್ಟವರಲ್ಲ.

ಎರಡು ಭಾನುವಾರ ಡೆಮೊ ನಡೆಯಲಿಲ್ಲ. ಬೀದಿಯವರಿಗೆ ಹಾಲು ತರುವ ದಾರಿ ಬಿಕೋ ಎನ್ನಿಸಿತು. ಮೂರನೇ ಭಾನುವಾರ ಹೊಂಗೆ ಮರದ ಕೆಳಗೆ ಕಾರು ನಿಂತಿತ್ತು, ನಾಲ್ಕೂ ಗಾಲಿಗೆ ಇಟ್ಟಿಗೆ ಕೊಟ್ಟಿತ್ತು, ಸನ್‌ರೂಫ್ ತೆರೆದಿತ್ತು. ಅದರಿಂದ ಸೊಂಟದವರೆಗೆ ಎದ್ದು ನಿಂತ ಮೊಮ್ಮಗ ಹಾದುಹೋಗುವವರಿಗೆಲ್ಲ ಎಂಎಲ್‌ಎ ಥರ ಕೈ ಬೀಸುತ್ತಿದ್ದ. "ತಾತಾ, ಸ್ಪೀಡು!" ಎಂದು ಕೂಗಿದಾಗಲೆಲ್ಲ ಒಳಗಿನಿಂದ "ಡುರ್‌ರ್" ಎಂಬ ಸದ್ದು, ಬಾಯಿಂದಲೇ. ಲೇಖಕ ಬಗ್ಗಿ ನೋಡಿದ. ನಿಂತ ಕಾರಿನಲ್ಲಿ ರಾಯರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬೆಲ್ಟ್ ಬಿಗಿದುಕೊಂಡು ಕೂತಿದ್ದರು.

"ಬನ್ನಿ ಸಾರ್," ಎಂದರು, "ಹಿಂದೆ ಕೂತ್ಕೊಳ್ಳಿ. ಬೆಲ್ಟ್ ಹಾಕ್ಕೊಳ್ಳಿ, ಎಲ್ಲಿದೆ ತೋರಿಸ್ತೀನಿ."