ಕೊಂಬು, ಕೀಲಿ, ಮುಳ್ಳು: ಒಂದು ತಾತ್ವಿಕ ಅನುಸಂಧಾನ

ಗ್ರಾಮಫೋನ್ ಎಂಬ ಧ್ವನ್ಯಾತ್ಮಕ ಪಠ್ಯವನ್ನು ವಸಾಹತೋತ್ತರ ಸಂಕಥನದ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅದರಲ್ಲಿ ಹಾಡು ಕೇಳುವುದು ಪ್ರಬಂಧದ ವ್ಯಾಪ್ತಿಗೆ ಹೊರತು. ‘ಧ್ವನಿ ಪರಂಪರೆ’ಯ ವಿಚಾರ ಸಂಕಿರಣಗಳಲ್ಲಿ ರೂಢಿಯೂ ಇದೇ. ನಾನು ಕೂತೆದ್ದು ಬಂದ ಒಂದರಲ್ಲಿ ಯಂತ್ರಕ್ಕೆ ಹಾರ ಹಾಕಿದ್ದರು. ಕೀಲಿ ಕೊಡುವ ಹಿಡಿಯೇ ಇರಲಿಲ್ಲ. ಇದನ್ನು ‘ಮೌನದ ತಾತ್ವಿಕತೆ’ ಎನ್ನತಕ್ಕದ್ದು.

ಸಂಗ್ರಾಹಕರಲ್ಲಿ ಐದು ಪ್ರಭೇದಗಳಿವೆಯೆಂದು ಈಗಷ್ಟೇ ತೀರ್ಮಾನಿಸಿದ್ದೇನೆ. ಮೊದಲನೆಯವರು ಕೊಂಬುನಿಷ್ಠರು. ಮುಂಬೈಯ ಚೋರ್ ಬಜಾರಿನಲ್ಲಿ ಥಳಥಳಿಸುವ ಹೊಸ ಹಿತ್ತಾಳೆ ಕೊಂಬು, ಹೊಸ ಹಲಗೆಯ ಪೆಟ್ಟಿಗೆ, ಮೇಲೊಂದು ನಾಯಿ ಮಾರ್ಕಿನ ಚೀಟಿ ಕಂಡರೆ ಸಾಕು, ‘ತಾತನ ಕಾಲದ್ದು’ ಎಂದು ಕೊಂಡು ತರುತ್ತಾರೆ. ಎರಡನೆಯವರು ಏಕಮುಳ್ಳುವ್ರತಸ್ಥರು. ಉಕ್ಕಿನ ಮುಳ್ಳು ಸವೆಯಲೆಂದೇ ಮಾಡಿದ್ದು. ಪ್ಲೇಟಿನ ಒಂದು ಮಗ್ಗುಲಿಗೆ, ಅಂದರೆ ಸುಮಾರು ಮೂರು ನಿಮಿಷಕ್ಕೆ, ಒಂದು. ಇವರು ಅದೇ ಮುಳ್ಳಿನಲ್ಲಿ ವರ್ಷ ತಳ್ಳುತ್ತಾರೆ. ಸವೆದ ತುದಿ ಉಳಿಯಂತೆ ಗೀರನ್ನು ಕೆತ್ತಿ ಹಾಡನ್ನೇ ಬೂದುಬಣ್ಣದ ಪುಡಿ ಮಾಡುತ್ತದೆ. ಮೂರನೆಯವರು... ಹೋಗಲಿ ಬಿಡಿ, ಉಳಿದ ಮೂವರದೂ ದುಡ್ಡಿನ ರೋಗವೇ.

ಚೋರ್ ಬಜಾರಿನ ಆ ನಕಲಿ ಪೆಟ್ಟಿಗೆಯ ಹೊಟ್ಟೆಯೊಳಗೆ ಮೋಟರು ಎಲ್ಲಿಂದ ಬಂತು, ಕೇಳಿದ್ದೀರಾ? ಎಷ್ಟೋ ಸಲ ಯಾರದೋ ಮನೆಯ ಸಾದಾ ಪೋರ್ಟಬಲ್ ಯಂತ್ರದ ಕರುಳು ಬಗೆದು ತಂದದ್ದು. ಚೆನ್ನಾಗಿ ಹಾಡುತ್ತಿದ್ದ ಯಂತ್ರಕ್ಕೆ ಕೊಂಬಿರಲಿಲ್ಲ, ಷೋಕೇಸಿನಲ್ಲಿ ಶೋಭಿಸುತ್ತಿರಲಿಲ್ಲ, ಅಷ್ಟೇ ಅದರ ತಪ್ಪು. ಸೌಂಡ್ ಬಾಕ್ಸಿನ ಅಭ್ರಕದ ಬಿಲ್ಲೆ, ಅದರ ಸುತ್ತ ಕಲ್ಲಾದ ರಬ್ಬರು, ವೇಗ ಹಿಡಿದಿಡುವ ಗವರ್ನರಿನ ಸಣ್ಣ ಗುಂಡುಗಳು: ಇವನ್ನು ಬಿಚ್ಚಿ ಒರೆಸಿ ಕೂಡಿಸಬಲ್ಲ ರಿಪೇರಿಯವನನ್ನು ಯಾವ ಸಂಕಿರಣವೂ ವೇದಿಕೆಗೆ ಕರೆದದ್ದನ್ನು ನಾನು ನೋಡಿಲ್ಲ. ಅವನಿಗೆ ‘ಅನುಸಂಧಾನ’ ಬರುವುದಿಲ್ಲವಲ್ಲ!

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಪ್ಲೇಟಿಗಾಗಿ ಹಾಡಿದಾಗ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ದನಿಯೆಂದು ತಿಳಿಯಬೇಕಿತ್ತು. ಅದೇ ಗೌಹರ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದಳು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. ಅವಳ ದನಿ ಎಂದು ಉಳಿದಿರುವುದು ಆ ಗೀರುಗಳಲ್ಲಿ ಮಾತ್ರ. ಅದನ್ನು ನಾವು ಮೊಂಡು ಮುಳ್ಳಿನಿಂದ ಕೆರೆಯುತ್ತೇವೆ, ಇಲ್ಲವೇ ಪ್ಲೇಟಿನ ನಡುವೆ ಗಡಿಯಾರ ಕೂರಿಸಿ ಗೋಡೆಗೆ ಮೊಳೆ ಹೊಡೆಯುತ್ತೇವೆ, ಆಮೇಲೆ ಪರಂಪರೆಯ ಬಗ್ಗೆ ಭಾಷಣ ಬಿಗಿಯುತ್ತೇವೆ. ನಾಚಿಕೆಯಾಗಬೇಕು.

ಪ್ರಬಂಧದ ಫಲಿತಗಳನ್ನು ಮಂಡಿಸುವ ಉಮೇದು ಈಗ ಉಳಿದಿಲ್ಲ. ನಿಮ್ಮ ಅಟ್ಟದ ಮೇಲೆ ಹಳೆಯ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಹೇರಬೇಡಿ, ನೆಟ್ಟಗೆ ನಿಲ್ಲಿಸಿಡಿ. ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ. ಅವು ಅರಗಿನವು, ಕರಗುತ್ತವೆ.